ಕ್ಯಾಶ್‌ಬ್ಯಾಕ್ ಕ್ರೆಡಿಟ್ ಕಾರ್ಡ್: ಮನೆ ಖರ್ಚಿನಲ್ಲಿ ನಿಜವಾಗಿ ಎಷ್ಟು ಉಳಿಯುತ್ತೆ?

ಮಾಲ್‌ನಲ್ಲಿ ಟೇಬಲ್ ಹಾಕಿ ಕೂತ ಹುಡುಗರು ‘ಐದು ಪರ್ಸೆಂಟ್ ಕ್ಯಾಶ್‌ಬ್ಯಾಕ್’ ಅಂತ ಕರೀತಾರೆ. ಆ ಐದು ಪರ್ಸೆಂಟ್ ಎಲ್ಲ ಖರ್ಚಿಗೂ ಸಿಗೋದಿಲ್ಲ. ಸಾಮಾನ್ಯವಾಗಿ ಆನ್‌ಲೈನ್ ಖರೀದಿಗೆ ಅಥವಾ ಒಂದೇ ಒಂದು ಕಂಪೆನಿಯ ಆ್ಯಪ್‌ಗೆ ಮಾತ್ರ; ಉಳಿದದ್ದಕ್ಕೆ ಒಂದು ಪರ್ಸೆಂಟ್. ಪೆಟ್ರೋಲ್, ಮನೆ ಬಾಡಿಗೆ, ವಾಲೆಟ್‌ಗೆ ಹಣ ಹಾಕುವುದು, ಇಎಂಐ ಇವುಗಳಿಗೆ ಹೆಚ್ಚಿನ ಕಾರ್ಡ್‌ಗಳಲ್ಲಿ ಏನೂ ಇಲ್ಲ. ತಿಂಗಳಿಗೆ ಇಷ್ಟೇ ಅಂತ ಮಿತಿಯೂ ಇರುತ್ತದೆ.

ಉಪ್ಪಳದ ಒಂದು ಮನೆಯ ಲೆಕ್ಕ ಹಾಕಿ ನೋಡೋಣ. ತಿಂಗಳಿಗೆ ಕಾರ್ಡ್‌ನಲ್ಲಿ 10,000 ರೂ. ಖರ್ಚು. ಅದರಲ್ಲಿ ಆನ್‌ಲೈನ್ 4,000, ಅಂಗಡಿ ಸಾಮಾನು 6,000. ಐದು ಪರ್ಸೆಂಟ್‌ನಂತೆ 200, ಒಂದು ಪರ್ಸೆಂಟ್‌ನಂತೆ 60. ತಿಂಗಳಿಗೆ 260, ವರ್ಷಕ್ಕೆ 3,120 ರೂ. ವಾರ್ಷಿಕ ಶುಲ್ಕ 999 ಇದ್ದರೆ 18% ಜಿಎಸ್‌ಟಿ ಸೇರಿ 1,179 ಹೋಯಿತು. ಕೈಯಲ್ಲಿ ಉಳಿದದ್ದು 1,941. ಕೆಟ್ಟದ್ದೇನಲ್ಲ, ಆದ್ರೆ ಜಾಹೀರಾತಿನಷ್ಟು ದೊಡ್ಡದೂ ಅಲ್ಲ. ಇಷ್ಟು ಸಣ್ಣ ಖರ್ಚಿನ ಮನೆಗೆ ಶುಲ್ಕವೇ ಇಲ್ಲದ ಕಾರ್ಡ್ ಮೊದಲು ಹುಡುಕುವುದು ಒಳ್ಳೇದು.

ಇನ್ನು ಬಡ್ಡಿ. ಬಿಲ್ ಬಂದಾಗ ‘ಮಿನಿಮಮ್ ಡ್ಯೂ’ ಅಂತ ಒಂದು ಸಣ್ಣ ಮೊತ್ತ ಕಾಣುತ್ತದಲ್ಲ, ಮೋಸ ಹೋಗುವುದು ಅಲ್ಲೇ. 10,000ದ ಬಿಲ್‌ಗೆ 500 ಮಾತ್ರ ಕಟ್ಟಿದ್ರೆ ಉಳಿದ 9,500ಕ್ಕೆ ತಿಂಗಳಿಗೆ ಮೂರೂವರೆ ಪರ್ಸೆಂಟ್‌ನಂತೆ 332 ರೂ. ಬಡ್ಡಿ, ಅದರ ಮೇಲೆ ಮತ್ತೆ ಜಿಎಸ್‌ಟಿ. ಹತ್ತಿರ ಹತ್ತಿರ 392. ಒಂದೂವರೆ ತಿಂಗಳ ಕ್ಯಾಶ್‌ಬ್ಯಾಕ್ ಒಂದೇ ಸಲಕ್ಕೆ ಹೋಯ್ತು. ಬಡ್ಡಿಯನ್ನು ಬಿಲ್ ದಿನದಿಂದ ಅಲ್ಲ, ಖರೀದಿಸಿದ ದಿನದಿಂದ ಎಣಿಸುವುದರಿಂದ ನಿಜವಾದ ಮೊತ್ತ ಇನ್ನೂ ಹೆಚ್ಚು. ಹೊಸ ಖರೀದಿಗೂ ಬಡ್ಡಿರಹಿತ ಅವಧಿ ಸಿಗುವುದಿಲ್ಲ. ಎಟಿಎಂನಲ್ಲಿ ಈ ಕಾರ್ಡ್‌ನಿಂದ ಹಣ ತೆಗೆದರೆ ಮೊದಲ ದಿನದಿಂದಲೇ ಬಡ್ಡಿ.

ಪೂರ್ತಿ ಬಿಲ್ ಗಡುವಿನೊಳಗೆ ಕಟ್ಟಿದವರಿಗೆ ಬಡ್ಡಿ ಬರುವುದಿಲ್ಲ. ಆದರೂ ತಡವಾದರೆ ಬಡ್ಡಿ ಕೊಡ್ತೇನೆ ಎಂಬ ಒಪ್ಪಂದಕ್ಕೆ ಸಹಿ ಇರುವುದರಿಂದ ಉಲಮಾಗಳ ಅಭಿಪ್ರಾಯ ಒಂದೇ ರೀತಿ ಇಲ್ಲ. ತಮ್ಮ ಉಸ್ತಾದರಲ್ಲಿ ಕೇಳಿಕೊಂಡು ಮುಂದುವರಿಯಬಹುದು. ಸಂಬಳದ ಸ್ಲಿಪ್ ಇಲ್ಲದ ಸಣ್ಣ ವ್ಯಾಪಾರಿಗಳಿಗೆ ಬ್ಯಾಂಕ್‌ಗಳು ಎಫ್‌ಡಿ ಇಟ್ಟು ಕಾರ್ಡ್ ಕೊಡುತ್ತವೆ. ಎಫ್‌ಡಿಯ ಬಡ್ಡಿ ಬೇಡ ಎನ್ನುವವರಿಗೆ ಆ ದಾರಿ ಆಗದು.

ಊರಿನ ಅಂಗಡಿಗಳಲ್ಲಿ ಸ್ವೈಪ್ ಮೆಷಿನ್ ಕಡಿಮೆ, ಕ್ಯೂಆರ್ ಹೆಚ್ಚು. 2022ರಿಂದ ರುಪೇ ಕ್ರೆಡಿಟ್ ಕಾರ್ಡನ್ನು ಯುಪಿಐಗೆ ಜೋಡಿಸಬಹುದು. ಆದರೆ ಅಂಗಡಿ ಖಾತೆಯ ಕ್ಯೂಆರ್‌ಗೆ ಮಾತ್ರ ನಡೆಯುತ್ತೆ. ಮೀನು ಮಾರುವವರ ಸ್ವಂತ ನಂಬರಿಗೆ ಹಾಕಲು ಆಗುವುದಿಲ್ಲ. ಕಾರ್ಡ್ ಕೊಟ್ಟರೆ ಎರಡು ಪರ್ಸೆಂಟ್ ಜಾಸ್ತಿ ಎನ್ನುವ ಅಂಗಡಿಯಲ್ಲಿ ನಗದೇ ಲಾಭ. ಒಂದು ಪರ್ಸೆಂಟ್ ಪಡೆಯಲು ಎರಡು ಕೊಡುವುದು ಯಾವ ವ್ಯಾಪಾರ?

ಅರ್ಜಿಯ ಜೊತೆ ಬಡ್ಡಿ, ಶುಲ್ಕ ಬರೆದ ಒಂದು ಪುಟದ ‘ಕೀ ಫ್ಯಾಕ್ಟ್ ಸ್ಟೇಟ್‌ಮೆಂಟ್’ ಕೊಡಬೇಕೆಂದು ರಿಸರ್ವ್ ಬ್ಯಾಂಕಿನ ನಿರ್ದೇಶನ ಹೇಳುತ್ತದೆ. ಕೊಡದಿದ್ದರೆ ಕೇಳಿ ಪಡೆಯಿರಿ. ಕಾರ್ಡ್ ಬೇಡ ಅನ್ನಿಸಿದರೆ, ಬಾಕಿ ಇಲ್ಲದಿದ್ದಾಗ ಮನವಿ ಕೊಟ್ಟ ಏಳು ಕೆಲಸದ ದಿನಗಳಲ್ಲಿ ಅದನ್ನು ಮುಚ್ಚಬೇಕು. ತಡವಾದ ಪ್ರತಿ ದಿನಕ್ಕೆ 500 ರೂ. ಗ್ರಾಹಕರಿಗೆ ಕೊಡಬೇಕು.