ಪ್ರಸ್ತಾರವೂ ಗಣಕಯಂತ್ರವೂ

ವಾಮದಪದವಿನ ನಮ್ಮ ಮನೆಯಲ್ಲಿ ಗಣಕಯಂತ್ರಕ್ಕೆ ಪ್ರೋಗ್ರಾಂ ಬರೆಯುತ್ತಿದ್ದ ಮೊಮ್ಮಗನು, “ಅಜ್ಜಾ, ಇದಕ್ಕೂ ನಿಮ್ಮ ಕಾವ್ಯಕ್ಕೂ ಏನು ಸಂಬಂಧ?” ಎಂದು ಕೇಳಿದನು. ಪಾಠಶಾಲೆಯಲ್ಲಿ ಛಂದಸ್ಸನ್ನು ಬಾಯಿಪಾಠ ಮಾಡಿದ ನನಗೆ ಆ ಕ್ಷಣ ಉತ್ತರ ತೋಚಲಿಲ್ಲ.

ಉತ್ತರವು ಪಿಂಗಳನ ಛಂದಶ್ಶಾಸ್ತ್ರದಲ್ಲಿಯೇ ಇದೆ. ಪ್ರಸ್ತಾರವಿಧಿಯಂತೆ ಮೊದಲ ಸಾಲೆಲ್ಲ ಗುರು. ಮೇಲಣ ಸಾಲಿನ ಮೊದಲನೆಯ ಗುರುವಿನ ಕೆಳಗೆ ಲಘುವನ್ನಿರಿಸಿ, ಬಲಕ್ಕೆ ಮೇಲಿನಂತೆಯೇ ಬರೆದು, ಎಡಕ್ಕೆ ಗುರುಗಳನ್ನು ತುಂಬಬೇಕು. ಸಾಲೆಲ್ಲ ಲಘುವಾದಾಗ ನಿಲ್ಲಿಸಬೇಕು. ಮೂರಕ್ಷರಗಳಿಗೆ ಮ, ಯ, ರ, ಸ, ತ, ಜ, ಭ, ನ ಎಂಬ ೮ ಗಣಗಳು ಇದೇ ಕ್ರಮದಲ್ಲಿ ದೊರೆಯುತ್ತವೆ. ಉಳಿದವನ್ನು ಬರೆಯದೆ ಐದನೆಯದನ್ನು ಮಾತ್ರ ಅರಿಯಲು ‘ನಷ್ಟ’ವೆಂಬ ವಿಧಿಯುಂಟು: ಸಂಖ್ಯೆ ಸಮವಾದರೆ ಲಘು ಬರೆದು ಅರ್ಧಿಸುವುದು, ವಿಷಮವಾದರೆ ಗುರು ಬರೆದು, ಒಂದು ಕೂಡಿಸಿ ಅರ್ಧಿಸುವುದು. ೫ಕ್ಕೆ ಗುರು, ೩ಕ್ಕೆ ಗುರು, ೨ಕ್ಕೆ ಲಘು; ಅದೇ ತಗಣ. ಸೊನ್ನೆ ಮತ್ತು ಒಂದು ಎಂಬೆರಡೇ ಗುರುತುಗಳಿಂದ ಗಣಕಯಂತ್ರವು ನಡೆಸುವ ಲೆಕ್ಕವೂ ಇದೇ ಜಾತಿಯದು.

ಆದರೆ ವಿಧಿಯು ಹುಟ್ಟಿಸಿದುದೆಲ್ಲ ಕಾವ್ಯವಾಗದು. ಇಪ್ಪತ್ತಕ್ಷರದ ಪಾದಕ್ಕೆ ಪ್ರಸ್ತಾರವು ೧೦,೪೮,೫೭೬ ರೂಪಗಳನ್ನು ಕೊಡುತ್ತದೆ. ನಮ್ಮ ಚಂಪೂಕವಿಗಳಿಗೆ ಪ್ರಿಯವಾದ ಆರು ವೃತ್ತಗಳಲ್ಲಿ ಈ ವರ್ಗದವು ಉತ್ಪಲಮಾಲೆ, ಮತ್ತೇಭವಿಕ್ರೀಡಿತ ಎಂಬೆರಡೇ. ಉರ್ದು ಕಾವ್ಯದ ಅರೂಝ್ ಶಾಸ್ತ್ರದಲ್ಲಿಯೂ ಹೀಗೆಯೇ. ೮ನೆಯ ಶತಮಾನದಲ್ಲಿ ಬಸ್ರಾದ ಖಲೀಲ್ ಇಬ್ನ್ ಅಹ್ಮದನು ಅರಬ್ಬೀ ಛಂದಸ್ಸನ್ನು ಐದು ವೃತ್ತಾಕಾರದ ಚಕ್ರಗಳಲ್ಲಿ ಅಡಗಿಸಿದನು. ಆ ಶಾಸ್ತ್ರವೇ ಪಾರಸಿಯ ಮೂಲಕ ವಿಜಾಪುರದ ದಖನೀ ಕವಿಗಳಿಗೂ ಬಂದಿತು. ಆ ಚಕ್ರಗಳಲ್ಲಿ ಹುಟ್ಟುವ ಕೆಲವು ಲಯಗಳನ್ನು ಯಾವ ಕವಿಯೂ ಬಳಸದೆ ಬಿಟ್ಟುದರಿಂದ ಶಾಸ್ತ್ರಕಾರರು ಅವನ್ನು ‘ಮುಹ್ಮಲ್’ ಎಂದರು.

ನಮ್ಮ ಜಿಲ್ಲೆಯಲ್ಲಿ ಈ ಎರಡು ವಿದ್ಯೆಗಳೂ ಒಂದು ಹೆಸರಿನಲ್ಲಿ ಕೂಡಿವೆ. ಮಂಗಳೂರಿನಲ್ಲಿ ಕನ್ನಡ ಪಂಡಿತರಾಗಿದ್ದ ಸೇಡಿಯಾಪು ಕೃಷ್ಣಭಟ್ಟರು (೧೯೦೨–೧೯೯೬) ‘ಛಂದೋಗತಿ’ಯಲ್ಲಿ ಲಯದ ನಡಿಗೆಯನ್ನೇ ವಿಚಾರಿಸಿದರು. ಕಿನ್ನಿಕಂಬಳದ ಕೆ. ಪಿ. ರಾಯರು ಕನ್ನಡಕ್ಕಾಗಿ ತಾವು ರಚಿಸಿದ ತಂತ್ರಾಂಶಕ್ಕೆ ‘ಸೇಡಿಯಾಪು’ ಎಂದೇ ಹೆಸರಿಟ್ಟರು. ರಾಯರ ಕೀಲಿಮಣೆಯಲ್ಲಿ ಪ್ರತಿ ಗುಣಿತಾಕ್ಷರಕ್ಕೂ ಬೇರೆ ಕೀಲಿಯಿಲ್ಲ. ವ್ಯಂಜನ ಸ್ವರಗಳ ಕೀಲಿಗಳು ಕೂಡಿದರೆ ಕಾಗುಣಿತವು ವಿಧಿಯಂತೆ ತಾನೇ ಮೂಡುತ್ತದೆ.

ಮರುದಿನ ಮೊಮ್ಮಗನಿಗೆ ನಷ್ಟವಿಧಿಯನ್ನು ಹೇಳಿದೆನು. ಅವನು ಕೆಲವೇ ಪಂಕ್ತಿಗಳಲ್ಲಿ ಅದನ್ನು ಯಂತ್ರಕ್ಕೆ ಕಲಿಸಿದನು. ಬಳಿಕ ಇಪ್ಪತ್ತಕ್ಷರದ ರೂಪಗಳನ್ನೆಲ್ಲ ತೆರೆಯ ಮೇಲೆ ಸುರಿದು, “ಇವುಗಳಲ್ಲಿ ಯಾವುದು ಚೆಂದ, ಅಜ್ಜಾ?” ಎಂದನು. ನಾನು ಉತ್ಪಲಮಾಲೆಯ ಒಂದು ಪದ್ಯವನ್ನು ಹಾಡಿದೆನು. ಅವನು ಕೀಲಿಮಣೆಯಿಂದ ಕೈ ತೆಗೆದು ಕೇಳಿದನು.