ಉಗ್ಗು: ಚಿಕಿತ್ಸೆಯ ಮತ್ತು ಧೈರ್ಯದ ಚರಿತ್ರೆ

ಹೇಳಬೇಕಾದ ಮಾತು ಮನಸ್ಸಿನಲ್ಲಿ ಪೂರ್ತಿ ಸಿದ್ಧವಾಗಿದ್ದರೂ ಬಾಯಿಂದ ಹೊರಡುವಾಗ ತಡೆದು ನಿಲ್ಲುವುದೇ ಉಗ್ಗು. ಒಂದೇ ಅಕ್ಷರ ಮತ್ತೆಮತ್ತೆ ಬರುತ್ತದೆ, ಇಲ್ಲವೇ ಉದ್ದಕ್ಕೆ ಎಳೆದುಕೊಳ್ಳುತ್ತದೆ, ಇಲ್ಲವೇ ಉಸಿರು ಕಟ್ಟಿದಂತಾಗಿ ದನಿಯೇ ಹೊರಡುವುದಿಲ್ಲ. ಸಾಮಾನ್ಯವಾಗಿ 2ರಿಂದ 5 ವರ್ಷದೊಳಗೆ ಇದು ಶುರುವಾಗುತ್ತದೆ. 100 ಮಕ್ಕಳಲ್ಲಿ ಸುಮಾರು 5 ಮಕ್ಕಳಿಗೆ ಬಂದು, ಅವರಲ್ಲಿ ಹೆಚ್ಚಿನವರನ್ನು ತಾನಾಗಿಯೇ ಬಿಟ್ಟುಹೋಗುತ್ತದೆ. ದೊಡ್ಡವರಲ್ಲಿ 100ಕ್ಕೆ ಒಬ್ಬರಲ್ಲಿ ಉಳಿಯುತ್ತದೆ. ಹೆಂಗಸರಿಗಿಂತ ಗಂಡಸರಲ್ಲಿ ಸುಮಾರು 4 ಪಟ್ಟು ಹೆಚ್ಚು.

ಕನ್ನಡದಲ್ಲಿ ತೊದಲು, ಉಗ್ಗು ಎರಡೂ ಬಳಕೆಯಲ್ಲಿವೆ. ಕೂಸು ತೊದಲಿದರೆ ಮನೆಮಂದಿಯೆಲ್ಲ ಹಿಗ್ಗುತ್ತಾರೆ. ಅದೇ ಕೂಸು ಹತ್ತು ವರ್ಷದ ಹುಡುಗನಾಗಿ ಉಗ್ಗಿದರೆ ಅದು ಅಡ್ಡಹೆಸರಾಗಿ ಅಂಟಿಕೊಳ್ಳುತ್ತದೆ. ಆ ಹುಡುಗ ತರಗತಿಯವರೆಲ್ಲರ ಜೊತೆ ದನಿಗೂಡಿಸಿ ಮಗ್ಗಿ ಹೇಳುವಾಗ ಒಂದು ಕಡೆಯೂ ತಡವರಿಸುವುದಿಲ್ಲ. ಹಾಡುವಾಗಲೂ ಅಷ್ಟೆ, ಮನೆಯ ನಾಯಿಯ ಜೊತೆ ಮಾತಾಡುವಾಗಲೂ ಅಷ್ಟೆ. ಮೇಷ್ಟ್ರು ಅವನೊಬ್ಬನನ್ನೇ ಎಬ್ಬಿಸಿ ನಿಲ್ಲಿಸಿದರೆ ಸ್ವಂತ ಹೆಸರಿನ ಮೊದಲ ಅಕ್ಷರವೇ ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ಉಗ್ಗಿನ ಎಲ್ಲ ಚಿಕಿತ್ಸಕರನ್ನೂ ಕಾಡಿದ ಒಗಟು ಇದು. ದೋಷ ನಾಲಿಗೆಯದೇ ಆಗಿದ್ದರೆ ಹಾಡುವಾಗ ಅದು ಎಲ್ಲಿ ಹೋಗುತ್ತದೆ?

ಆದರೂ ಬಹುಕಾಲ ಅಪವಾದ ಹೊತ್ತದ್ದು ನಾಲಿಗೆಯೇ. ಅಥೆನ್ಸಿನ ವಾಗ್ಮಿ ಡೆಮಾಸ್ತನೀಸ್ (ಕ್ರಿ.ಪೂ. 384–322) ಬಾಯಲ್ಲಿ ಬೆಣಚುಕಲ್ಲು ಇಟ್ಟುಕೊಂಡು ಮಾತು ಪಳಗಿಸಿದನೆಂದು ಗ್ರೀಕ್ ಲೇಖಕ ಪ್ಲುಟಾರ್ಕ್ ಬರೆದಿದ್ದಾನೆ. ನಮ್ಮ ಸುಶ್ರುತ ಸಂಹಿತೆ ಮಾತ್ರ ನಾಲಿಗೆಯನ್ನು ದಾಟಿ ಯೋಚಿಸಿತು. ಕಫದೊಡನೆ ಕೂಡಿದ ವಾತ ಶಬ್ದವನ್ನು ಒಯ್ಯುವ ಧಮನಿಗಳನ್ನು ಮುಚ್ಚುವುದರಿಂದ ಮೂಕ, ಮಿನ್ಮಿನ, ಗದ್ಗದ ಎಂಬ ಮೂರು ಬಗೆಯ ಮಾತಿನ ತೊಡಕು ಬರುತ್ತದೆಂದು ಅದು ಹೇಳುತ್ತದೆ. ಮಿನ್ಮಿನ ಎಂದರೆ ಮೂಗಿನಲ್ಲಿ ಆಡುವ ಮಾತು, ಗದ್ಗದ ಎಂದರೆ ತಡವರಿಸುವ ಮಾತು. ಮಾತು ಚೆನ್ನಾಗಿ ಬರಲೆಂದು ಎಳೆಗೂಸಿನ ನಾಲಿಗೆಗೆ ಬಜೆಯ ಬೇರು ತೇಯ್ದು ಸವರುವ ರೂಢಿ ಕರ್ನಾಟಕದ ಮನೆಗಳಲ್ಲಿ ಇಂದಿಗೂ ಇದೆ.

ಯುರೋಪಿನಲ್ಲಿ ನಡೆದದ್ದು ಇಷ್ಟು ಮೃದುವಾಗಿರಲಿಲ್ಲ. 19ನೇ ಶತಮಾನದ ಆರಂಭದಲ್ಲಿ ಪ್ಯಾರಿಸ್ಸಿನ ವೈದ್ಯ ಇತಾರ್ ನಾಲಿಗೆಯ ಅಡಿಗೆ ಆನಿಸುವ ಚಿನ್ನದ ಕವಲೊಂದನ್ನು ಮಾಡಿಸಿದ. 1841ರಲ್ಲಿ ಬರ್ಲಿನ್ನಿನ ಹೆಸರಾಂತ ಶಸ್ತ್ರಚಿಕಿತ್ಸಕ ಡೀಫೆನ್‌ಬಾಖ್ ನಾಲಿಗೆಯ ಬುಡದಿಂದ ಮಾಂಸದ ತುಂಡನ್ನೇ ಕತ್ತರಿಸಿ ತೆಗೆಯತೊಡಗಿದ. ಈಥರ್ ಕೊಟ್ಟು ಪ್ರಜ್ಞೆ ತಪ್ಪಿಸುವ ವಿಧಾನ ಬಳಕೆಗೆ ಬರಲು ಇನ್ನೂ ಐದು ವರ್ಷವಿತ್ತು. ರೋಗಿಗಳು ಎಚ್ಚರವಿದ್ದೇ ಅದನ್ನು ಸಹಿಸಿದರು. ಫ್ರಾನ್ಸ್, ಇಂಗ್ಲೆಂಡಿನ ವೈದ್ಯರೂ ಆ ಹಾದಿ ಹಿಡಿದರು. ಉಗ್ಗು ಹೋಗಲಿಲ್ಲ, ಕೆಲವರ ಪ್ರಾಣವೇ ಹೋಯಿತು, ಪದ್ಧತಿ ಬೇಗನೆ ಮೂಲೆ ಸೇರಿತು. ಅಂಥ ನೋವಿಗೂ ನೂರಾರು ಜನ ತಾವಾಗಿ ಬಾಯಿ ತೆರೆದರೆಂದರೆ, ನಾಲ್ಕು ಜನರ ಮುಂದೆ ಉಗ್ಗುವ ಸಂಕಟ ಎಷ್ಟಿದ್ದಿರಬೇಕು!

20ನೇ ಶತಮಾನದಲ್ಲಿ ಈ ಅಧ್ಯಯನದ ಕೇಂದ್ರವಾದದ್ದು ಅಮೆರಿಕದ ಅಯೋವಾ ವಿಶ್ವವಿದ್ಯಾಲಯ. ಅಲ್ಲಿನ ವೆಂಡೆಲ್ ಜಾನ್ಸನ್ ಸ್ವತಃ ಉಗ್ಗುತ್ತಿದ್ದವರು. ಮಗುವಿನ ಸಹಜ ತಡವರಿಕೆಗೆ ದೊಡ್ಡವರು 'ಉಗ್ಗು' ಎಂಬ ಹೆಸರಿಟ್ಟು ಗಾಬರಿಗೊಳಿಸುವುದರಿಂದಲೇ ಉಗ್ಗು ಹುಟ್ಟುತ್ತದೆಂಬುದು ಅವರ ವಾದ. ಇದರ ಪರೀಕ್ಷೆಗೆಂದು 1939ರಲ್ಲಿ ಅವರ ವಿದ್ಯಾರ್ಥಿನಿ ಮೇರಿ ಟ್ಯೂಡರ್ ಅನಾಥಾಲಯವೊಂದರ 22 ಮಕ್ಕಳನ್ನು ಬಳಸಿಕೊಂಡರು. ಸರಿಯಾಗಿ ಮಾತಾಡುತ್ತಿದ್ದ 6 ಮಕ್ಕಳಿಗೆ, ನೀವು ಉಗ್ಗುತ್ತಿದ್ದೀರಿ ಎಂದು ತಿಂಗಳುಗಟ್ಟಲೆ ಹೇಳಲಾಯಿತು. ಆ ಮಕ್ಕಳು ಬಾಯಿ ಬಿಡಲೇ ಅಂಜತೊಡಗಿದರು. ವಿಷಯ 2001ರಲ್ಲಿ ಪತ್ರಿಕೆಯಲ್ಲಿ ಬಯಲಾದಾಗ ವಿಶ್ವವಿದ್ಯಾಲಯ ಕ್ಷಮೆ ಕೇಳಿತು. 2007ರಲ್ಲಿ ಅಯೋವಾ ರಾಜ್ಯ ಪರಿಹಾರವಾಗಿ 9,25,000 ಡಾಲರ್ ಕೊಡಲು ಒಪ್ಪಿತು. ಜಾನ್ಸನ್ನರ ಸಿದ್ಧಾಂತ ಇಂದು ಉಳಿದಿಲ್ಲ. ಮಾತಿನ ಬಗ್ಗೆ ಹುಟ್ಟಿಸಿದ ಭಯ ಮಗುವಿನ ಬಾಯಿ ಕಟ್ಟಿಸಬಲ್ಲದು ಎಂಬುದಂತೂ ಆ ಮಕ್ಕಳಿಂದ ತಿಳಿಯಿತು. ಅದಕ್ಕೆ ಅವರು ತೆತ್ತ ಬೆಲೆ ಯಾವ ವಿಜ್ಞಾನಕ್ಕೂ ಸಲ್ಲದು.

ದಾರಿ ಬದಲಿಸಿದವರು ಚಾರ್ಲ್ಸ್ ವ್ಯಾನ್ ರೈಪರ್ (1905–1994). ತೀವ್ರವಾಗಿ ಉಗ್ಗುತ್ತಿದ್ದ ಅವರು ಯೌವನದಲ್ಲಿ ಕಿವುಡ-ಮೂಗನಂತೆ ನಟಿಸಿ ಹೊಲವೊಂದರಲ್ಲಿ ಕೂಲಿ ಮಾಡಿದ್ದೂ ಉಂಟು. ಆ ಕೆಲಸ ಬಿಟ್ಟು ಹೊರಟಾಗ ರಸ್ತೆಯಲ್ಲಿ ಮುದುಕನೊಬ್ಬ ಅವರನ್ನು ತನ್ನ ಕಾರಿಗೆ ಹತ್ತಿಸಿಕೊಂಡ. ಹೆಸರು ಹೇಳಲು ಅವರು ಒದ್ದಾಡುವುದನ್ನು ಕಂಡು ಮುದುಕ ನಕ್ಕ. ವ್ಯಾನ್ ರೈಪರ್‌ಗೆ ಸಿಟ್ಟು ಬಂತು. ಆಗ ಆತ, ತಾನೂ ಉಗ್ಗುವವನೇ, ಹಿಂದೆ ಹೀಗೆಯೇ ಗುದ್ದಾಡುತ್ತಿದ್ದೆ, ಈಗ ವಯಸ್ಸಾಗಿ ಸುಸ್ತಾಗಿದೆ, ಮಾತನ್ನು ಸೋರಿದಂತೆ ಸೋರಲು ಬಿಟ್ಟುಬಿಡುತ್ತೇನೆ ಎಂದನಂತೆ. ಆತನ ಉಗ್ಗಿನಲ್ಲಿ ಮುಖ ಕಿವುಚುವುದಿರಲಿಲ್ಲ, ಏದುಸಿರಿರಲಿಲ್ಲ. ಉಗ್ಗು ಬಿಡಿಸುವ ಬದಲು ಸುಲಭವಾಗಿ ಉಗ್ಗುವುದನ್ನು ಕಲಿಸಬಹುದಲ್ಲ ಎಂಬ ಯೋಚನೆ ವ್ಯಾನ್ ರೈಪರ್‌ಗೆ ಹುಟ್ಟಿದ್ದು ಅಲ್ಲಿಂದ. ಮುಂದೆ ಮಿಷಿಗನ್ನಿನ ಕಲಮಜೂದಲ್ಲಿ ಅವರು ಚಿಕಿತ್ಸಾಲಯ ತೆರೆದರು. ಸಿಕ್ಕಿಕೊಂಡ ಪದವನ್ನು ಮುಗಿಸಿ, ತುಸು ನಿಂತು, ಬಿಗಿ ಸಡಿಲಿಸಿ ಮತ್ತೆ ಹೇಳುವುದು ಅವರ ಪಾಠಗಳಲ್ಲೊಂದು.

ಅಮೆರಿಕದ ಮನೋವಿಜ್ಞಾನಿ ಜೋಸೆಫ್ ಶೀಹನ್ ಉಗ್ಗನ್ನು ನೀರ್ಗಲ್ಲ ಬೆಟ್ಟಕ್ಕೆ ಹೋಲಿಸಿದರು. ಕಿವಿಗೆ ಬೀಳುವುದು ಮೇಲಿನ ತುದಿ ಮಾತ್ರ. ನಾಚಿಕೆ, ಭಯ, ಬಚ್ಚಿಡುವ ಹಂಚಿಕೆಗಳೆಲ್ಲ ನೀರಿನಡಿ. ಇಳಿಯಬೇಕಾದ ಊರಿನ ಹೆಸರು ಬಾಯಿಗೆ ಬಾರದೆ, ಮುಂದಿನ ಊರಿಗೆ ಟಿಕೆಟ್ ಕೇಳುವ ಪ್ರಯಾಣಿಕ ಬಸ್ಸಿನಲ್ಲಿ ಒಂದು ಸಲವೂ ಉಗ್ಗಿರುವುದಿಲ್ಲ. ಕಂಡಕ್ಟರಿಗೆ ಏನೂ ತಿಳಿಯುವುದಿಲ್ಲ. ಹೆಚ್ಚಿನ ದುಡ್ಡು ತೆತ್ತು ಬಚ್ಚಿಟ್ಟ ಮಾತು ಮರುದಿನ ಇನ್ನಷ್ಟು ಭಾರವಾಗಿರುತ್ತದೆ.

ಇಂಗ್ಲೆಂಡಿನ ದೊರೆ 6ನೇ ಜಾರ್ಜ್‌ಗೆ ಬಚ್ಚಿಡುವ ಅವಕಾಶವೇ ಇರಲಿಲ್ಲ. ಪಟ್ಟವೇರುವ ಮೊದಲು, 1925ರಲ್ಲಿ, ವೆಂಬ್ಲಿಯ ವಸ್ತುಪ್ರದರ್ಶನದಲ್ಲಿ ಭಾಷಣ ಮಾಡುವಾಗ ತಡವರಿಸಿ ನೊಂದ ಅವರು ಮರುವರ್ಷ ಲಯನೆಲ್ ಲೋಗ್ ಬಳಿ ಹೋದರು. ಲೋಗ್ ವೈದ್ಯರಲ್ಲ. ಆಸ್ಟ್ರೇಲಿಯಾದಲ್ಲಿ ವಾಕ್‌ಶಿಕ್ಷಕರಾಗಿದ್ದು, ಮೊದಲ ಮಹಾಯುದ್ಧದಲ್ಲಿ ಮಾತು ಕೆಟ್ಟ ಸೈನಿಕರಿಗೆ ನೆರವಾಗಿದ್ದವರು. 1939ರ ಸೆಪ್ಟೆಂಬರ್ 3ರಂದು ಯುದ್ಧ ಘೋಷಣೆಯ ಬಾನುಲಿ ಭಾಷಣದ ವೇಳೆ ಕೋಣೆಯಲ್ಲಿ ದೊರೆಯ ಜೊತೆಗಿದ್ದವರು ಅವರೇ; ಎಲ್ಲೆಲ್ಲಿ ಉಸಿರೆಳೆಯಬೇಕೋ ಅಲ್ಲೆಲ್ಲ ಭಾಷಣದ ಹಾಳೆಯಲ್ಲಿ ಗೀಟು ಎಳೆದಿದ್ದರು. ಈ ಕಥೆಯನ್ನು 'ದಿ ಕಿಂಗ್ಸ್ ಸ್ಪೀಚ್' (2010) ಚಿತ್ರಕ್ಕೆ ಬರೆದ ಡೇವಿಡ್ ಸೈಡ್ಲರ್ ಕೂಡ ಬಾಲ್ಯದಲ್ಲಿ ಉಗ್ಗುತ್ತಿದ್ದವರು.

ಉಗ್ಗುವವರ ಮಿದುಳು ಮಾತಾಡುವಾಗ ಬೇರೆ ರೀತಿ ಕೆಲಸ ಮಾಡುತ್ತದೆಂದು 1990ರ ದಶಕದ ಮಿದುಳಿನ ಚಿತ್ರಗಳು ತೋರಿಸಿದವು. 2010ರಲ್ಲಿ ಅಮೆರಿಕದ ತಳಿವಿಜ್ಞಾನಿ ಡೆನಿಸ್ ಡ್ರೇನಾ ಅವರ ತಂಡ ಪಾಕಿಸ್ತಾನದ ಕುಟುಂಬಗಳ ಅಧ್ಯಯನದಿಂದ ಶುರುಮಾಡಿ, ಉಗ್ಗಿಗೆ ಸಂಬಂಧಿಸಿದ ಮೂರು ಜೀನ್‌ಗಳನ್ನು ಗುರುತಿಸಿತು. ತಾಯಿ ಗದರಿದ್ದರಿಂದ ಬಂತು, ಇನ್ನೊಬ್ಬರನ್ನು ಅಣಕಿಸಿ ಕಲಿತ ಎಂಬ ಹಳೆಯ ದೂರುಗಳಿಗೆ ಈಗ ಆಧಾರವಿಲ್ಲ.

ಭಾರತದಲ್ಲಿ ಉಗ್ಗಿನೊಡನೆಯೇ ಸಾರ್ವಜನಿಕ ಬದುಕಿನ ತುದಿಗೇರಿದವರು ಕೇರಳದ ಮೊದಲ ಮುಖ್ಯಮಂತ್ರಿ ಇ. ಎಂ. ಎಸ್. ನಂಬೂದಿರಿಪಾದ್. ನೀವು ಯಾವಾಗಲೂ ಉಗ್ಗುತ್ತೀರಾ ಎಂದು ಯಾರೋ ಕೇಳಿದ್ದಕ್ಕೆ, ಇಲ್ಲ, ಮಾತಾಡುವಾಗ ಮಾತ್ರ ಎಂದು ಅವರು ಉತ್ತರಿಸಿದ್ದು ಜನಜನಿತ. ಚಿಕಿತ್ಸೆಯ ವಿಷಯದಲ್ಲಿ ದೊಡ್ಡ ಹೆಜ್ಜೆ ಇಟ್ಟದ್ದು ಮೈಸೂರು. 1965ರಲ್ಲಿ ಆರಂಭವಾಗಿ, ಮಾನಸಗಂಗೋತ್ರಿಯಲ್ಲಿ ನೆಲೆನಿಂತ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ, ಊರವರ ಬಾಯಲ್ಲಿ ಆಯಿಷ್, ವಾಕ್ ಚಿಕಿತ್ಸಕರನ್ನು ತಯಾರು ಮಾಡುತ್ತ ಬಂದಿದೆ. ಚಿಕ್ಕ ಮಗು ಉಗ್ಗಿದಾಗ ಅದರ ಮಾತನ್ನು ತಾವೇ ಮುಗಿಸದೆ, ನಿಧಾನ ಎಂದು ಗದರದೆ, ಮುಖ ನೋಡುತ್ತ ಪೂರ್ತಿ ಕೇಳಿಸಿಕೊಳ್ಳಿ ಎಂಬುದು ವಾಕ್ ಚಿಕಿತ್ಸಕರು ತಂದೆತಾಯಿಗೆ ಕೊಡುವ ಸಲಹೆ.

ಉಗ್ಗುವವರೇ ಕಟ್ಟಿಕೊಂಡ ಸಂಘಗಳು 1970ರ ದಶಕದಲ್ಲಿ ಅಮೆರಿಕ, ಬ್ರಿಟನ್ನುಗಳಲ್ಲಿ ಹುಟ್ಟಿದವು. 1998ರಿಂದ ಅಕ್ಟೋಬರ್ 22 ಅಂತರರಾಷ್ಟ್ರೀಯ ಉಗ್ಗು ಜಾಗೃತಿ ದಿನ. ಭಾರತದಲ್ಲೂ ಇಂಥ ಸ್ವಸಹಾಯ ಗುಂಪುಗಳಿವೆ. ಅವುಗಳ ಅಭ್ಯಾಸಗಳಲ್ಲಿ ಮುಖ್ಯವಾದದ್ದು ಬೇಕೆಂದೇ ಉಗ್ಗುವುದು. ಗುಂಪಿನವರು ಇಬ್ಬಿಬ್ಬರಾಗಿ ಬೀದಿಗಿಳಿದು, ಅಪರಿಚಿತರನ್ನು ನಿಲ್ಲಿಸಿ, ಬಸ್ ನಿಲ್ದಾಣ ಎಲ್ಲಿ ಎಂದು 'ಬ'ಕಾರದ ಮೇಲೆ ನಿಂತು ನಿಂತು ಕೇಳುತ್ತಾರೆ. ಹೆಚ್ಚಿನ ದಾರಿಹೋಕರು ಮುಖ ನೋಡಿ, ಕೈ ಎತ್ತಿ ದಾರಿ ತೋರಿಸಿ ಮುಂದೆ ಹೋಗುತ್ತಾರೆ.