ಬೆನ್ನುಹುರಿಗೆ ಜೀವಕೋಶಗಳ ಕಸಿ

ಭದ್ರಾವತಿಯ ಓಲ್ಡ್ ಟೌನ್ ದಾಟಿ ಸುತ್ತಲಿನ ಹಳ್ಳಿಗಳತ್ತ ಹೊರಟರೆ ಅಡಿಕೆಯ ತೋಟಗಳು ಕಾಣುತ್ತವೆ. ಮರವೇರಿದ ಕೊನೆಗಾರನು ಕಾಲು ಜಾರಿ ಬಿದ್ದನೆಂಬ ಸುದ್ದಿ ಮಲೆನಾಡಿಗೆ ಹೊಸದಲ್ಲ. ಮುರಿದ ಮೂಳೆ ಕೂಡುತ್ತದೆ; ಹರಿದ ಬೆನ್ನುಹುರಿ ಕೂಡುವುದಿಲ್ಲ. ಸುಮಾರು 3,600 ವರ್ಷಗಳ ಹಿಂದಿನ ಈಜಿಪ್ಟಿನ ವೈದ್ಯಗ್ರಂಥವೊಂದು ಇದನ್ನು ಚಿಕಿತ್ಸೆಗೆ ಎಟುಕದ ಬೇನೆಗಳ ಸಾಲಿಗೆ ಸೇರಿಸಿದೆ.

ಈ ನಿರಾಶೆಯನ್ನು ಮೊದಲು ಕಡಮೆ ಮಾಡಿದುದು ಶುಶ್ರೂಷೆ. 1944ರಲ್ಲಿ ಇಂಗ್ಲೆಂಡಿನ ಸ್ಟೋಕ್ ಮ್ಯಾಂಡೆವಿಲ್ ಆಸ್ಪತ್ರೆಯನ್ನು ಸೇರಿದ ಡಾಕ್ಟರ್ ಲುಡ್ವಿಗ್ ಗುಟ್‌ಮನ್ನರು ಗಾಯಾಳು ಸೈನಿಕರನ್ನು ಎರಡೆರಡು ಗಂಟೆಗೊಮ್ಮೆ ಮಗ್ಗುಲು ಹೊರಳಿಸುವ ಏರ್ಪಾಡು ಮಾಡಿದರು. ಹಾಸಿಗೆ ಹುಣ್ಣು, ಮೂತ್ರದ ಸೋಂಕುಗಳಿಂದ ಸಾಯುತ್ತಿದ್ದವರು ಬದುಕಿಕೊಂಡರು.

ಕಸಿಯ ವಿಚಾರ ಬಲಗೊಂಡುದು ಅನಂತರ. ಕೆನಡದ ಮಾಂಟ್ರಿಯಲ್ ನಗರದಲ್ಲಿ ಡೇವಿಡ್ ಮತ್ತು ಅಗ್ವಾಯೊ ಎಂಬ ವಿಜ್ಞಾನಿಗಳು ಇಲಿಯ ಕಾಲಿನ ನರದ ತುಂಡನ್ನು ಸೇತುವೆಯಂತಿಟ್ಟು, ಬೆನ್ನುಹುರಿಯ ತಂತುಗಳು ಅದರೊಳಗೆ ಬೆಳೆಯುವುದನ್ನು 1981ರಲ್ಲಿ ತೋರಿಸಿದರು. ತಂತುಗಳಿಗೆ ಬೆಳೆಯುವ ಶಕ್ತಿ ಉಂಟು, ತಕ್ಕ ನೆಲ ಬೇಕು ಎಂದಾಯಿತು. ಲಂಡನ್ನಿನ ಜೆಫ್ರಿ ರೈಸ್‌ಮನ್ನರು ಆ ನೆಲವನ್ನು ಮೂಗಿನಲ್ಲಿ ಕಂಡರು. ವಾಸನೆಯ ನರ ಬದುಕಿನುದ್ದಕ್ಕೂ ಹೊಸದಾಗಿ ಬೆಳೆಯುತ್ತಿರುತ್ತದೆ. ಅದಕ್ಕೆ ದಾರಿಮಾಡಿಕೊಡುವ ಜೀವಕೋಶಗಳನ್ನು ಇಲಿಗಳ ಬೆನ್ನುಹುರಿಗೆ ಕಸಿಮಾಡಿದಾಗ ಫಲ ಕಂಡಿತೆಂದು 1997ರಲ್ಲಿ ವರದಿಯಾಯಿತು.

ಮನುಷ್ಯರ ಸರದಿ ಬಂದಾಗ ಫಲ ಅಷ್ಟು ಸುಲಭವಾಗಿ ದೊರೆಯಲಿಲ್ಲ. ಆಸ್ಟ್ರೇಲಿಯದ ಬ್ರಿಸ್ಬೇನಿನಲ್ಲಿ 2002ರಲ್ಲಿ ಆರಂಭವಾದ ಪರೀಕ್ಷೆಯಲ್ಲಿ ಮೂವರಿಗೆ ಅವರವರ ಮೂಗಿನ ಕೋಶಗಳನ್ನೇ ನೆಟ್ಟರು. ಅಪಾಯವಾಗಲಿಲ್ಲ, ಕಾಲಿಗೆ ಬಲವೂ ಮರಳಲಿಲ್ಲ. 2012ರಲ್ಲಿ ಪೋಲೆಂಡಿನಲ್ಲಿ ಇಂಥದೇ ಚಿಕಿತ್ಸೆ ಪಡೆದ ಒಬ್ಬಾತ, ದೀರ್ಘಕಾಲದ ವ್ಯಾಯಾಮದೊಡನೆ, ಆಧಾರ ಹಿಡಿದು ಹೆಜ್ಜೆಯಿಟ್ಟನು. 2025ರಲ್ಲಿ ಜಪಾನಿನ ಕೇಯೊ ವಿಶ್ವವಿದ್ಯಾಲಯವು ಬೇರೊಂದು ಬಗೆಯ ಕೋಶಗಳನ್ನು ಪಡೆದ ನಾಲ್ವರಲ್ಲಿ ಇಬ್ಬರು ಸುಧಾರಿಸಿದರೆಂದು ತಿಳಿಸಿತು. ಇಷ್ಟು ಕಡಮೆ ಜನರನ್ನು ನೋಡಿ, ಗುಣ ಕೋಶಗಳದೋ ದೇಹದ್ದೋ ಎಂದು ನಿರ್ಧರಿಸಲಾಗದು.

ಇದರ ನಡುವೆ ಆಕರಕೋಶದ, ಅಂದರೆ ಸ್ಟೆಮ್ ಸೆಲ್‌ನ, ಇಂಜೆಕ್ಷನ್ನನ್ನು ಹಣಕ್ಕೆ ಮಾರುವವರೂ ಹುಟ್ಟಿಕೊಂಡರು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿಯಂತೆ, ರಕ್ತದ ರೋಗಗಳೇ ಮೊದಲಾದ ಕೆಲವಕ್ಕೆ ಮಾಡುವ ಅಸ್ಥಿಮಜ್ಜೆಯ ಕಸಿಯಂಥದನ್ನು ಬಿಟ್ಟರೆ, ಇಂಥ ಕೋಶಗಳನ್ನು ಒಪ್ಪಿಗೆ ಪಡೆದ ಪರೀಕ್ಷೆಯ ಹೊರಗೆ ಕೊಡತಕ್ಕದ್ದಲ್ಲ. ಆದುದರಿಂದ ಇದಕ್ಕಾಗಿ ತೋಟವನ್ನು ಅಡವಿಡುವ ಮುನ್ನ, ಇದು ಒಪ್ಪಿಗೆ ಪಡೆದ ಪರೀಕ್ಷೆಯೇ, ಹಾಗಾದರೆ ಹಣವೇಕೆ ಕೇಳುತ್ತೀರಿ ಎಂದು ವಿಚಾರಿಸಬೇಕು.

ಮನೆಯವರ ಕೈಯಲ್ಲಿರುವ ಕೆಲಸವೂ ಉಂಟು. ಬಿದ್ದವನನ್ನು ಕೈಕಾಲು ಹಿಡಿದೆತ್ತದೆ, ಬೆನ್ನು ಕುತ್ತಿಗೆ ಬಾಗದಂತೆ ಹಲಗೆಯ ಮೇಲೆ ಮಲಗಿಸಿ ಆಸ್ಪತ್ರೆಗೆ ಸಾಗಿಸಬೇಕು. ಮುಂದಿನ ಆರೈಕೆಯನ್ನು ಕಲಿಸಲು ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ನರರೋಗಿಗಳ ಪುನಶ್ಚೇತನ ವಿಭಾಗವಿದೆ. ಕಸಿಯ ಫಲ ಕೈಸೇರುವವರೆಗೂ ರೋಗಿಯನ್ನು ಕಾಯುವುದು ಆ ಎರಡು ಗಂಟೆಗೊಮ್ಮೆ ಮಗ್ಗುಲು ಹೊರಳಿಸುವ ಕೈಗಳೇ.